ಕುರಿಗೆ ಹೆಸರುಂಟು, ಕೋಳಿಗಿಲ್ಲ

ಮಳವಳ್ಳಿ ತಾಲ್ಲೂಕಿನ ಬಂಡೂರು ದೊಡ್ಡ ಊರೇನಲ್ಲ. ಆದರೂ ಮಾಂಸದ ರುಚಿ ಬಲ್ಲವರ ಮುಂದೆ ಆ ಹೆಸರೆತ್ತಿದರೆ ಸಾಕು, ಗಿಡ್ಡ ಕಾಲಿನ ಮೈದುಂಬಿದ ಕುರಿ ಕಣ್ಣಿಗೆ ಕಟ್ಟುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಅದು ‘ಮಂಡ್ಯ’ ತಳಿ ಎಂದೇ ದಾಖಲಾಗಿದೆ. ಅದೇ ತಾಲ್ಲೂಕಿನ ಪೂರಿಗಾಲಿ, ಬೆಳಕವಾಡಿಗಳಲ್ಲಿ, ಆಚೆ ಮದ್ದೂರು ಕಡೆಯ ಹಳ್ಳಿಗಳಲ್ಲಿ ಬೆಳಗಾದರೆ ತಿಪ್ಪೆ ಕೆದಕುವ ಕೋಳಿ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ನಾಟಿ ಕೋಳಿ ಎನ್ನುತ್ತೇವೆ. ಮುದ್ದೆಗೆ ಅದರ ಸಾರೇ ಆಗಬೇಕು ಎನ್ನುತ್ತೇವೆ. ಫಾರಂ ಕೋಳಿಗಿಂತ ಹೆಚ್ಚು ದುಡ್ಡು ಕೊಟ್ಟು ತರುತ್ತೇವೆ. ಯಾವ ನಾಟಿ, ಎಲ್ಲಿಯ ನಾಟಿ ಎಂದು ಯಾರಾದರೂ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಕೋಳಿ ತಳಿಗಳ ಚರಿತ್ರೆ ಓದುತ್ತ ಹೋದರೆ ಇದಕ್ಕೊಂದು ಕಾರಣ ಹೊಳೆಯುತ್ತದೆ. ಜೂಜಾಡುವವರ ಕೋಳಿಗೆ ಹೆಸರು ಬಂತು, ಶೋಕಿದಾರರ ಕೋಳಿಗೆ ಬಂತು, ಕಂಪನಿಯ ಕೋಳಿಗೆ ಬಂತು, ಸರ್ಕಾರಿ ಫಾರಂ ಕೋಳಿಗೂ ಬಂತು. ಹಿತ್ತಿಲಲ್ಲಿ ಹೆಂಗಸರು ಸಾಕಿದ ಕೋಳಿಯನ್ನು ಯಾರೂ ಬರೆದಿಡಲಿಲ್ಲ.

ಬೇರಿನಿಂದಲೇ ಶುರುಮಾಡೋಣ. ಲೋಕದ ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನ ಎಂದು ಚಾರ್ಲ್ಸ್ ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ವಾದಿಸಿದ. ಬಹುಮಟ್ಟಿಗೆ ಅವನ ಮಾತು ನಿಂತಿದೆ. 863 ಕೋಳಿಗಳ ಜೀನೋಮ್ ಓದಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ಕಾಡುಕೋಳಿಯ ಉಪಜಾತಿಗಳ ಪೈಕಿ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಸೀಮೆಯ ಒಂದರಿಂದ ಸಾಕುಕೋಳಿ ಹುಟ್ಟಿತು ಎಂದಿತು. 2022ರಲ್ಲಿ ಪುರಾತತ್ತ್ವಜ್ಞರು ಹಳೆಯ ಮೂಳೆಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳೇ ನಂಬಬಹುದಾದ ಅತಿ ಹಳೆಯವು ಎಂದು ತೀರ್ಮಾನಿಸಿದರು. ಕೋಳಿ ಸಾಕಣೆಗೆ ಎಂಟು ಹತ್ತು ಸಾವಿರ ವರ್ಷವಾಯಿತು ಎನ್ನುವ ಮಾತಿಗೆ ಅಲ್ಲಿಂದ ಬಲ ಕುಗ್ಗಿತು. ನಮ್ಮವರಿಗೆ ಹಿಡಿಸಬೇಕಾದ ಸಂಗತಿ ಅದೇ ಅಧ್ಯಯನದಲ್ಲಿ ಇನ್ನೊಂದಿದೆ: ಮನುಷ್ಯ ಹೋಗಿ ಕೋಳಿ ಹಿಡಿದು ತರಲಿಲ್ಲ, ಮಳೆಯಾಶ್ರಯದ ಭತ್ತ ಮತ್ತು ಕಿರುಧಾನ್ಯ ಬೆಳೆಯತೊಡಗಿದಾಗ ಕಾಳಿನ ಆಸೆಗೆ ಕೋಳಿಯೇ ಮರದಿಂದಿಳಿದು ಊರಿಗೆ ಬಂತು. ಕಣದಲ್ಲಿ ರಾಗಿ, ಭತ್ತ ಒಕ್ಕುವ ದಿನ ಬಾ ಎನ್ನದೆಯೇ ಬಂದು ನೆರೆಯುವ ಕೋಳಿಗಳನ್ನು ಕಂಡವರಿಗೆ ಇದನ್ನು ನಂಬಲು ಮೂಳೆ ಬೇಕಿಲ್ಲ.

ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ಕಾಡಿನಲ್ಲಿ ಇರುವುದು ಆ ಕೆಂಪು ಕಾಡುಕೋಳಿಯಲ್ಲ, ಅದರ ದಾಯಾದಿಯಾದ ಬೂದು ಕಾಡುಕೋಳಿ. ದಕ್ಷಿಣ ಭಾರತದ್ದೇ ಹಕ್ಕಿ. ಹುಂಜದ ಕತ್ತಿನ ಗರಿಗಳ ತುದಿಯಲ್ಲಿ ಮೇಣ ಅದ್ದಿದಂತೆ ಹಳದಿ ಹೊಳಪಿನ ಚುಕ್ಕೆಗಳಿರುತ್ತವೆ. ಮೀನಿನ ಗಾಳಕ್ಕೆ ಕಟ್ಟುವ ಹುಸಿಹುಳು ಮಾಡಲೆಂದು ಯುರೋಪಿನವರು ಒಂದು ಕಾಲದಲ್ಲಿ ಈ ಗರಿಗಳನ್ನು ರಾಶಿಗಟ್ಟಲೆ ತರಿಸಿಕೊಂಡರು. ಡಾರ್ವಿನ್ ಈ ಹಕ್ಕಿಯನ್ನು ಸಾಕುಕೋಳಿಯ ವಂಶವೃಕ್ಷದಿಂದ ಕೈಬಿಟ್ಟಿದ್ದ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಜ್ಞಾನಿಗಳು ಅದನ್ನು ಮತ್ತೆ ಒಳಗೆ ತಂದರು. ಸಾಕುಕೋಳಿಯ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ಜೀನ್ ಕೆಂಪು ಕಾಡುಕೋಳಿಯದಲ್ಲ, ಬಹುಪಾಲು ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ಅವರು ತೋರಿಸಿದರು. ಎಂದರೆ ಇಂದು ಜಗತ್ತಿನ ಯಾವ ಮೂಲೆಯ ಅಂಗಡಿಯಲ್ಲಿ ಹಳದಿ ಕಾಲಿನ ಕೋಳಿ ತೂಗಿದರೂ ಅದರಲ್ಲಿ ದಕ್ಷಿಣ ಭಾರತದ ಕಾಡಿನ ಒಂದು ಪಾಲು ಉಂಟು. ಈ ಕೊಡುಗೆಯ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ.

ಕನ್ನಡದ ಹಳೆಯ ದಾಖಲೆಗಳಲ್ಲಿ ಕೋಳಿ ಬರುವುದು ಹೆಚ್ಚಾಗಿ ಬಲಿಯ ಹಕ್ಕಿಯಾಗಿ. ಜನ್ನನ ‘ಯಶೋಧರ ಚರಿತೆ’ (1209) ನಿಂತಿರುವುದೇ ಒಂದು ಹುಂಜದ ಮೇಲೆ, ಅದೂ ಹಿಟ್ಟಿನ ಹುಂಜ. ಜೀವಹಿಂಸೆ ಒಲ್ಲದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಬಲಿ ಕೊಡುತ್ತಾನೆ. ಸಂಕಲ್ಪದಿಂದ ಕೊಂದದ್ದೂ ಕೊಂದದ್ದೇ ಎಂದು ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಏಳೂವರೆ ಶತಮಾನ ಕಳೆದು 1959ರಲ್ಲಿ ಮೈಸೂರು ರಾಜ್ಯ ಪ್ರಾಣಿಬಲಿ ತಡೆ ಕಾಯ್ದೆ ತಂದಿತು. ಮಾರಿಹಬ್ಬದ ಕೋಳಿ ಗುಡಿಯ ಮುಂದಿನಿಂದ ಮನೆಯಂಗಳಕ್ಕೆ ಸರಿಯಿತೇ ಹೊರತು ಹಬ್ಬವನ್ನು ಬಿಡಲಿಲ್ಲ.

ಕಲ್ಲಿನ ಮೇಲೆ ಹೆಸರು ಬರೆಸಿಕೊಂಡ ಕೋಳಿ ಬೇಕೆಂದರೆ ತಮಿಳುನಾಡಿಗೆ ಹೋಗಬೇಕು. ವಿಲ್ಲುಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾದಾಡಿ ಸತ್ತ ಹುಂಜಕ್ಕೆ ಐದನೆಯ ಶತಮಾನದ ಸುಮಾರಿನ ವೀರಗಲ್ಲಿದೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೆ 949ರ ಸುಮಾರಿಗೆ ಶಾಸನ ಹಾಕಿಸಿದರು, ಕೋಳಿಗೆ ಆ ಭಾಗ್ಯ ಬರಲಿಲ್ಲ. ಕಾಳಗವಿದ್ದಲ್ಲಿ ಹೆಸರುಗಳಿಗೆ ಬರವಿರಲಿಲ್ಲ. ತುಳುನಾಡಿನ ಕೋಳಿ ಅಂಕದವರು ಗರಿಯ ಬಣ್ಣ ನೋಡಿಯೇ ಬೊಳ್ಳೆ, ಕೆಮ್ಮೈರೆ ಎಂದು ಹುಂಜಗಳನ್ನು ವಿಂಗಡಿಸುತ್ತಾರೆ. ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಸಂಕ್ರಾಂತಿಯ ಪಂದ್ಯಕ್ಕೆ ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ‘ಕುಕ್ಕುಟ ಶಾಸ್ತ್ರ’ವೇ ಇದೆ. ಅಸೀಲ್ ಎಂಬ ಎತ್ತರದ, ಗಟ್ಟಿ ಮೈಕಟ್ಟಿನ ತಳಿ ಉಳಿದು ಬಂದದ್ದು ಇಂಥ ಜೂಜಿನ ಕಣಗಳಿಂದ. ಅರಮನೆಗಳ ಆಸಕ್ತಿಯೇ ಬೇರೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ದನಗಳಿಗೊಂದು ಇಲಾಖೆಯನ್ನೇ ಕಟ್ಟಿದರು, ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಕರೆದ. ಯುದ್ಧಕ್ಕೆ ಎತ್ತು ಬೇಕಿತ್ತು, ಕೋಳಿ ಯಾವ ದರ್ಬಾರಿಗೆ ಬೇಕಿತ್ತು?

ಬೇಕಿದ್ದದ್ದು ಮನೆಯ ಹೆಂಗಸಿಗೆ. ದನ, ಕುರಿ ಗಂಡಸಿನ ಲೆಕ್ಕ. ಕೋಳಿ, ಮೊಟ್ಟೆ ಹೆಂಡತಿಯ ಕೈಕಾಸು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ಬೀಗಿದ್ದೂ ಕತೆಯಲ್ಲಿ ಒಬ್ಬ ಅಜ್ಜಿಯೇ. ಮಕ್ಕಳ ಪುಸ್ತಕಕ್ಕೆ, ನೆಂಟರ ಸತ್ಕಾರಕ್ಕೆ, ಸಂತೆಯ ಉಪ್ಪು ಮೆಣಸಿನಕಾಯಿಗೆ ಆಗುತ್ತಿದ್ದುದು ಆ ದುಡ್ಡು. ಮರಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದವಳು ಇನ್ನೊಬ್ಬಳ ಹ್ಯಾಟೆಯನ್ನು ಪಾಲಿಗೆ ತಂದು ಸಾಕಿ, ಎದ್ದ ಮರಿಗಳಲ್ಲಿ ಅರ್ಧ ಹಿಂದಿರುಗಿಸುತ್ತಿದ್ದಳು.

ಆ ಸಾಕಣೆಯೊಳಗೆ ಎಷ್ಟು ತಿಳಿವಳಿಕೆ ಇತ್ತೆಂಬುದು ಹ್ಯಾಟೆಯನ್ನು ಕಾವಿಗೆ ಕೂರಿಸುವುದನ್ನು ನೋಡಿದರೆ ಗೊತ್ತಾಗುತ್ತದೆ. ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟ ಮೇಲೆ ನಾಟಿ ಹ್ಯಾಟೆ ಮೊಟ್ಟೆ ನಿಲ್ಲಿಸಿ, ಗರಿ ಕೆದರಿಕೊಂಡು, ಹತ್ತಿರ ಹೋದರೆ ಕುಕ್ಕಲು ಬರುತ್ತದೆ. ಆಗ ಹಳೆಯ ಮಂಕರಿಗೆ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಕತ್ತಲೆ ಮೂಲೆಯಲ್ಲಿಡಬೇಕು. ಬೂದಿ ಹೇನು ತಡೆಯುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಅದು ನಂಬಿಕೆ, ಇರಲಿ. ವಾರ ಕಳೆದ ಮೇಲೆ ರಾತ್ರಿ ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಮುಂದೆ ಹಿಡಿದು, ಕೆಂಪು ನರ ಕಟ್ಟಿದ್ದನ್ನು ಉಳಿಸಿ, ತಿಳಿಯಾಗಿ ಕಾಣುವುದನ್ನು ತೆಗೆದುಬಿಡುತ್ತಾರೆ. 21ನೆಯ ದಿನ ಚಿಪ್ಪೊಡೆಯುತ್ತದೆ. ಕೂರಿಸಿದ್ದಷ್ಟನ್ನೂ ಎಬ್ಬಿಸಿ, ಗಿಡುಗ ಬಂದರೆ ರೆಕ್ಕೆಯಡಿಗೆ ಮರಿ ಸೇರಿಸಿ ಎದುರು ನಿಲ್ಲುವ ಹ್ಯಾಟೆಯನ್ನು ಯಾವ ಹಬ್ಬಕ್ಕೂ ಕೊಯ್ಯುವುದಿಲ್ಲ, ಮೊಟ್ಟೆ ತುಳಿದು ಒಡೆಯುವುದೇ ಮೊದಲು ಸಾರಿಗೆ ಹೋಗುತ್ತದೆ. ತಲೆಮಾರುಗಟ್ಟಲೆ ನಡೆದ ಈ ಆಯ್ಕೆಯನ್ನು ತಳಿ ಸಂವರ್ಧನೆ ಎನ್ನದೆ ಇನ್ನೇನೆನ್ನಬೇಕು? ಅದರ ಗುರಿ ಮಾತ್ರ ಬೇರೆ. ಹೆಚ್ಚು ಮೊಟ್ಟೆಯಲ್ಲ, ಹೆಚ್ಚು ಮಾಂಸವಲ್ಲ, ಯಾರೂ ನೋಡಿಕೊಳ್ಳದಿದ್ದರೂ ತನ್ನ ಸಂಸಾರವನ್ನು ತಾನೇ ಬೆಳೆಸುವ ಕೋಳಿ.

ಯುರೋಪು, ಅಮೆರಿಕಗಳಲ್ಲಿ ತಳಿ ಎಂಬ ಕಲ್ಪನೆಗೆ ಇವತ್ತಿನ ರೂಪ ಬಂದದ್ದು 19ನೆಯ ಶತಮಾನದಲ್ಲಿ. ಪೂರ್ವದಿಂದ ಹಡಗಿನಲ್ಲಿ ಬಂದ ದೈತ್ಯ ಕೋಳಿಗಳನ್ನು ನೋಡಿ ಜನ ಹುಚ್ಚೆದ್ದರು. 1845ರಲ್ಲಿ ಲಂಡನ್ ಮೃಗಾಲಯದಲ್ಲಿ, 1849ರಲ್ಲಿ ಬಾಸ್ಟನ್‌ನಲ್ಲಿ ಕೋಳಿ ಪ್ರದರ್ಶನ ನಡೆಯಿತು. 1865ರಲ್ಲಿ ಬ್ರಿಟಿಷರು ಯಾವ ತಳಿಗೆ ಯಾವ ಜುಟ್ಟು, ಯಾವ ಬಾಲ ಇರಬೇಕೆಂದು ನಿಯಮದ ಪುಸ್ತಕವನ್ನೇ ಅಚ್ಚುಹಾಕಿದರು. ಇದೆಲ್ಲ ಶೋಕಿ. ವ್ಯಾಪಾರಕ್ಕೆ ಉಳಿದದ್ದು ಎರಡು ಎಳೆ: ಮೊಟ್ಟೆಗೆ ಇಟಲಿ ಮೂಲದ ಬಿಳಿ ಲೆಗ್‌ಹಾರ್ನ್, ಮಾಂಸಕ್ಕೆ ಕಾರ್ನಿಷ್. ಈ ಕಾರ್ನಿಷ್ ತಳಿಯನ್ನು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕಟ್ಟಿದ್ದು ನಮ್ಮ ಅಸೀಲ್ ರಕ್ತ ಸೇರಿಸಿ. ಅದಕ್ಕೆ ಅವರಿಟ್ಟ ಮೊದಲ ಹೆಸರೇ ‘ಇಂಡಿಯನ್ ಗೇಮ್’. ಮುಂದೆ ಅಮೆರಿಕದ ಬಿಳಿ ಪ್ಲಿಮತ್ ರಾಕ್ ಜೊತೆ ಕೂಡಿಸಿದಾಗ ಹುಟ್ಟಿದ್ದು ಇಂದಿನ ಬ್ರಾಯ್ಲರ್. ಕಾದಾಟಕ್ಕೆಂದು ಬೆಳೆದ ಎದೆಯ ಸ್ನಾಯು ಹೀಗೆ ತಟ್ಟೆಗೆ ಬಂತು.

ಬ್ರಾಯ್ಲರ್ ಉದ್ಯಮ ಶುರುವಾದ ಬಗೆಯೂ ಸ್ವಾರಸ್ಯದ್ದೇ. 1923ರಲ್ಲಿ ಡೆಲವೇರ್ ರಾಜ್ಯದ ಸೆಸಿಲ್ ಸ್ಟೀಲ್ ಎಂಬಾಕೆ ಮೊಟ್ಟೆಗೆಂದು 50 ಮರಿ ಬರೆದು ಕಳಿಸಿದರೆ 500 ಬಂದವು. ಆಕೆ ವಾಪಸು ಮಾಡದೆ ಮಾಂಸಕ್ಕೆ ಬೆಳೆಸಿ ಮಾರಿದಳು. (ಇಲ್ಲಿಯೂ ಒಬ್ಬ ಹೆಂಗಸು, ಆದರೆ ಇವಳ ಹೆಸರು ಉಳಿಯಿತು.) 1946ರಿಂದ 48ರವರೆಗೆ ‘ನಾಳೆಯ ಕೋಳಿ’ ಎಂಬ ಸ್ಪರ್ಧೆ ನಡೆದು, ಎದೆ ತುಂಬಿದ ಹಕ್ಕಿಗೆ ಬಹುಮಾನ ಸಿಕ್ಕಿತು. ಗೆದ್ದ ವ್ಯಾಂಟ್ರೆಸ್, ಆರ್ಬರ್ ಏಕರ್ಸ್ ಹೆಸರುಗಳು ಇವತ್ತಿಗೂ ಮರಿ ಕಂಪನಿಗಳ ಫಲಕದಲ್ಲಿವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವಿನಲ್ಲಿ 56 ದಿನ ಬೆಳೆಸಿ ತೂಗಿದರು. ಹಳೆಯದು 905 ಗ್ರಾಂ, ಹೊಸದು 4,202 ಗ್ರಾಂ. ಮೇವು ಅದೇ, ಮನೆ ಅದೇ, ರಕ್ತವಷ್ಟೇ ಬೇರೆ.

ಇದರ ಬೆನ್ನಿಗೇ ಬಂದದ್ದು ಒಡೆತನದ ಬದಲಾವಣೆ. ಮುಸುಕಿನ ಜೋಳದಲ್ಲಿ ಹೈಬ್ರಿಡ್ ಬೀಜ ತಂದ ಹೆನ್ರಿ ವ್ಯಾಲೇಸ್ 1936ರಲ್ಲಿ ಅದೇ ಉಪಾಯವನ್ನು ಕೋಳಿಗೂ ಹೂಡಿದ. ಶುದ್ಧ ಸಾಲುಗಳನ್ನು ಕಂಪನಿ ತನ್ನ ಬಳಿ ಇಟ್ಟುಕೊಳ್ಳುತ್ತದೆ. ಅವುಗಳಿಂದ ಅಜ್ಜ ಅಜ್ಜಿ, ಆಮೇಲೆ ಅಪ್ಪ ಅಮ್ಮ, ಕೊನೆಗೆ ರೈತನಿಗೆ ಸಿಗುವ ಮರಿ. ಆ ಮರಿಯಿಂದ ಮತ್ತೆ ಮರಿ ಮಾಡಿದರೆ ಗುಣ ಚದುರಿಹೋಗುತ್ತದೆ. ಬಿತ್ತನೆಗೆ ರಾಗಿ ತೆಗೆದಿಟ್ಟಂತೆ ಕೋಳಿಯಲ್ಲಿ ತೆಗೆದಿಡಲು ಬರುವುದಿಲ್ಲ.

ಭಾರತಕ್ಕೆ ಸುಧಾರಿತ ಕೋಳಿಯನ್ನು ಮೊದಲು ಹೊತ್ತು ತಂದವರಲ್ಲಿ ಮಿಷನರಿಗಳೇ ಮುಂದು. ಉತ್ತರ ಪ್ರದೇಶದ ಎಟಾದಲ್ಲಿ 1912ರ ಸುಮಾರಿಗೆ ಆರ್ಥರ್ ಸ್ಲೇಟರ್ ಮಿಷನ್ ಫಾರಂ ಕಟ್ಟಿದ. ದಕ್ಷಿಣದಲ್ಲಿ ಮಾರ್ತಾಂಡಂನ ಸ್ಪೆನ್ಸರ್ ಹ್ಯಾಚ್ ಹಳ್ಳಿಗರಿಂದ ಮೊಟ್ಟೆ ಮಾರಾಟದ ಸಂಘ ಮಾಡಿಸಿದ. ಸ್ವಾತಂತ್ರ್ಯದ ಬಳಿಕ ಆ ಕೆಲಸ ಸರ್ಕಾರದ ಪಾಲಾಯಿತು. ನಮ್ಮ ಸೀಮೆಗೆ ಅದರ ಕೇಂದ್ರ ಬೆಂಗಳೂರಿನ ಹೆಸರಘಟ್ಟ. ಹಳ್ಳಿಗಳಲ್ಲಿ ಕಾವೇರಿ ಎಂದು ಕರೆಯುವ ಬಣ್ಣದ ಕೋಳಿ ಬಂದದ್ದು ಅಲ್ಲಿನ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಿಂದ. ಮಳವಳ್ಳಿಯಲ್ಲೂ ಪಶುಪಾಲನಾ ಇಲಾಖೆಯ ಕೋಳಿ ಸಾಕಾಣಿಕೆ ಮತ್ತು ತರಬೇತಿ ಕೇಂದ್ರವಿದೆ.

ಎಲ್ಲಕ್ಕಿಂತ ದೊಡ್ಡ ಹೆಸರು ಗಿರಿರಾಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕುಕ್ಕುಟ ವಿಜ್ಞಾನ ವಿಭಾಗ 1989ರಲ್ಲಿ ಬಿಡುಗಡೆ ಮಾಡಿದ ಈ ಹಕ್ಕಿ ನೋಡಲು ನಾಟಿಯಂತೆ ಬಣ್ಣ ಬಣ್ಣ, ತೂಕದಲ್ಲಿ ನಾಟಿಯನ್ನು ಮೀರಿಸುತ್ತದೆ. ನಾಟಿ ಹ್ಯಾಟೆ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಇದು 130ರಿಂದ 150. 2005ರಲ್ಲಿ ಬಂದ ಸ್ವರ್ಣಧಾರ ಇನ್ನೂ ಮೇಲು. ಗಿರಿರಾಜ ಎಷ್ಟು ಹಬ್ಬಿತೆಂದರೆ ದಪ್ಪ ಮೈಯ ಬಣ್ಣದ ಕೋಳಿಗಳೆಲ್ಲ ಜನರ ಬಾಯಲ್ಲಿ ಗಿರಿರಾಜವೇ ಆದವು. ವಿಜ್ಞಾನಿಗಳ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ, ಹಿತ್ತಿಲ ಕೋಳಿಯನ್ನು ಮನಸ್ಸಿನಲ್ಲಿಟ್ಟು ತಳಿ ಮಾಡಿದವರು ದೇಶದಲ್ಲಿ ಆಗ ಕಡಿಮೆ. ಆದರೆ ಮೊಟ್ಟೆಯ ಸಂಖ್ಯೆ ಏರಬೇಕಾದರೆ ಕಾವಿನ ಗುಣ ಇಳಿಯಬೇಕು, ಕಾವಿಗೆ ಕೂತ ಹ್ಯಾಟೆ ಮೊಟ್ಟೆ ಇಡುವುದಿಲ್ಲ. ಗಿರಿರಾಜ ಕೂರುವುದಿಲ್ಲ. ಮರಿ ಬೇಕೆಂದರೆ ಮತ್ತೆ ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಲ್ಲಬೇಕು. ಹಳ್ಳಿಯ ಹೆಂಗಸರು ಇದಕ್ಕೂ ದಾರಿ ಹುಡುಕಿದರು: ಗಿರಿರಾಜದ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟು ಮರಿ ಮಾಡಿಸಿದರು. ಹೊಸ ತಳಿ ನಿಂತದ್ದು ಹೆಸರಿಲ್ಲದ ಹಳೆಯ ಹ್ಯಾಟೆಯ ಹೊಟ್ಟೆಯಡಿಯಲ್ಲಿ.

ಇತ್ತ ಫಾರಂಗಳದು ಬೇರೆಯೇ ಓಟ. 1971ರಲ್ಲಿ ಬಿ.ವಿ. ರಾವ್ ಹೈದರಾಬಾದಿನಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದರು, 1982ರಲ್ಲಿ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿ ಮೊಟ್ಟೆಗೆ ದಿನದ ಬೆಲೆ ಸಾರತೊಡಗಿತು. ಇಂದಿಗೂ ಮೈಸೂರು, ಹೊಸಪೇಟೆ ವಲಯಗಳ ದರ ಅಲ್ಲಿಂದಲೇ ಬರುತ್ತದೆ. ಕೊಯಮತ್ತೂರು ಸೀಮೆಯಲ್ಲಿ 1990ರ ದಶಕದಲ್ಲಿ ಬೇರುಬಿಟ್ಟ ಒಪ್ಪಂದ ಸಾಕಣೆ ಗಡಿ ದಾಟಿ ನಮ್ಮ ಜಿಲ್ಲೆಗಳಿಗೂ ಬಂತು. ಮರಿ, ಮೇವು, ಔಷಧಿ ಕಂಪನಿಯದು. ಜಾಗ, ಶೆಡ್ಡು, ಕರೆಂಟು, ದುಡಿಮೆ ರೈತನದು.

ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕಿರಬೇಕು, ಇಲ್ಲದಿದ್ದರೆ ಬಿಸಿಲು ಒಳನುಗ್ಗುತ್ತದೆ. ನೆಲಕ್ಕೆ ಭತ್ತದ ಹೊಟ್ಟು, ಅದಕ್ಕೆ ಮಂಡ್ಯದಲ್ಲಿ ಬರವಿಲ್ಲ. ಮರಿ ಬರುವ ಹೊತ್ತಿಗೆ ಹೊಟ್ಟಿನ ಮೇಲೆ ಪೇಪರ್ ಹಾಸಿ, ತಗಡಿನ ಸುತ್ತು ಕಟ್ಟಿ, ಬಲ್ಬು ಇಳಿಬಿಟ್ಟು ಒಳಗೆ 33, 34 ಡಿಗ್ರಿ ಕಾವು ಏರಿಸಿರಬೇಕು. ಬ್ರೂಡಿಂಗ್ ಎನ್ನುತ್ತಾರೆ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ತಗಡಿಗೆ ಒತ್ತಿಕೊಂಡರೆ ಸೆಕೆ, ಎಲ್ಲೆಡೆ ಹರಡಿಕೊಂಡರೆ ಸರಿ. ಮೊದಲ ವಾರದ ರಾತ್ರಿಗಳಲ್ಲಿ ಗಂಡ ಹೆಂಡತಿ ಪಾಳಿ ಹಾಕಿಕೊಂಡು ಏಳುತ್ತಾರೆ. ತಾಯಿಕೋಳಿಯ ರೆಕ್ಕೆಯ ಕೆಲಸವನ್ನು ಈಗ ಕರೆಂಟು ಮತ್ತು ನಿದ್ದೆಗೆಟ್ಟ ಕಣ್ಣು ಮಾಡಬೇಕು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತಾದರೂ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಊರುಗಳ ಶೆಡ್ಡಿನವರು ಇಂದಿಗೂ ಜನರೇಟರಿಗೆ ಡೀಸೆಲ್ ತುಂಬಿಟ್ಟೇ ಮಲಗುತ್ತಾರೆ. ಆರನೆಯ ವಾರದೊಳಗೆ ಎರಡು ಕೆ.ಜಿ. ದಾಟಿದ ಹಕ್ಕಿಗಳನ್ನು ‘ಲಿಫ್ಟಿಂಗ್’ ಲಾರಿ ರಾತ್ರೋರಾತ್ರಿ ಒಯ್ಯುತ್ತದೆ. ಸತ್ತದ್ದೆಷ್ಟು, ಕೆ.ಜಿ.ಗೆ ಮೇವು ತಿಂದದ್ದೆಷ್ಟು ಎಂದು ಕಳೆದು ಕೂಡಿ, ‘ಗ್ರೋಯಿಂಗ್ ಚಾರ್ಜ್’ ಖಾತೆಗೆ ಬೀಳುತ್ತದೆ. ಬೆಲೆ ಬಿದ್ದಾಗ ಈ ಪದ್ಧತಿ ರೈತನನ್ನು ಕಾಪಾಡುವುದು ನಿಜ. ಬೆಲೆ ಏರಿದಾಗ ಅವನಿಗೆ ಅದರ ಬಿಸಿ ತಾಗುವುದಿಲ್ಲವೆಂಬುದೂ ಅಷ್ಟೇ ನಿಜ. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ಕೋಳಿಗಷ್ಟೇ ಅನ್ವಯಿಸುವುದಿಲ್ಲ.

ರೋಗದ ಮಾತು ಚಿಕ್ಕದಾಗಿ ಹೇಳುತ್ತೇನೆ. ಹಿತ್ತಿಲ ಕೋಳಿಯ ಹಳೆಯ ಯಮ ಕೊಕ್ಕರೆ ರೋಗ. 1920ರ ದಶಕದಲ್ಲಿ ಜಾವಾ, ಇಂಗ್ಲೆಂಡುಗಳಲ್ಲಿ ಗುರುತಾಗಿ, ಭಾರತದಲ್ಲಿ ಕುಮಾವೂ ಬೆಟ್ಟದ ರಾಣಿಖೇತ್ ಹೆಸರಿನಲ್ಲಿ ದಾಖಲಾದದ್ದು ಅದೇ. ಲಸಿಕೆ ಅಗ್ಗ, ಆದರೆ ಅದರ ಸೀಸೆ ನೂರಾರು ಕೋಳಿಗೆ ಸಾಲುವಂಥದ್ದು. ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಇರುವ ಮನೆಗೆ ಅದು ಸೇರಲೇ ಇಲ್ಲ. ನಾಟಿಗೆ ರೋಗ ಬರುವುದಿಲ್ಲ ಎಂಬ ಮಾತು ಬರೀ ಸುಳ್ಳು. ಬೇಸಿಗೆಯಲ್ಲಿ ಇಡೀ ಬೀದಿಯ ಕೋಳಿ ತೂಕಡಿಸಿ ಸತ್ತದ್ದನ್ನು ಹಳ್ಳಿಯವರೆಲ್ಲ ಕಂಡಿದ್ದಾರೆ. ಹಕ್ಕಿಜ್ವರ 2006ರಲ್ಲಿ ಮಹಾರಾಷ್ಟ್ರದ ನವಾಪುರಕ್ಕೆ ಬಂತು, 2012ರಲ್ಲಿ ಹೆಸರಘಟ್ಟದ ಕೇಂದ್ರಕ್ಕೇ ಹೊಕ್ಕಿತು, 2020ರ ಮಾರ್ಚಿನಲ್ಲಿ ಮೈಸೂರಿನಲ್ಲಿ ಕಾಣಿಸಿತು. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹೊಡೆದದ್ದೂ ಸರ್ಕಾರಿ ಕೋಳಿ ಕೇಂದ್ರವನ್ನೇ. ತಳಿಗಳನ್ನೆಲ್ಲ ಒಂದೇ ಸೂರಿನಡಿ ಇಡುವುದು ಎಷ್ಟು ಅಪಾಯವೆಂದು ಇವು ತೋರಿಸುತ್ತವೆ. 2020ರಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಮಾತಿಗೆ ಬೆಲೆ ನೆಲಕಚ್ಚಿ, ರಾಜ್ಯದಲ್ಲಿ ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದು ಮುಚ್ಚಿದರು.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯಾಯಿತು. ಆ ವಾದದಲ್ಲಿ ಯಾವ ಕೋಳಿ ಎಂಬ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಮಾರುಕಟ್ಟೆಗೆ ಮಾತ್ರ ಆ ಪ್ರಶ್ನೆ ಚೆನ್ನಾಗಿ ಗೊತ್ತು. ಹೆದ್ದಾರಿಯ ಹೋಟೆಲುಗಳಲ್ಲಿ ನಾಟಿ ಎಂಬ ಫಲಕ ಹೆಚ್ಚಿದಂತೆ ಆ ಹೆಸರಿಗೆ ಬಣ್ಣದ ಮಿಶ್ರತಳಿಗಳು, ಮೊಟ್ಟೆ ಮುಗಿದ ಕಂದು ಲೇಯರುಗಳು ಕೂಡ ಹೋಗುತ್ತಿವೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಸಂಖ್ಯೆ 85 ಕೋಟಿ ದಾಟಿತು. ಅದರಲ್ಲಿ ಹಿತ್ತಿಲ ಕೋಳಿ ಸುಮಾರು 32 ಕೋಟಿ, ಏಳು ವರ್ಷದಲ್ಲಿ ಶೇ. 46ರಷ್ಟು ಏರಿಕೆ. ಸಂತೋಷಪಡುವ ಮೊದಲು, ಈ ಏರಿಕೆಯಲ್ಲಿ ಹಂಚಿದ ಸುಧಾರಿತ ಮರಿಗಳದೂ ಪಾಲಿದೆ ಎಂಬುದನ್ನು ನೆನೆಯಬೇಕು. ಗಿರಿರಾಜ ಹುಂಜವೊಂದು ಬೀದಿಗೆ ಬಂದರೆ ಎರಡು ವರ್ಷದಲ್ಲಿ ಆ ಬೀದಿಯ ಹ್ಯಾಟೆಗಳ ಮೈ ದಪ್ಪವಾಗುತ್ತದೆ, ಕಾವಿನ ಗುಣ ತೆಳ್ಳಗಾಗುತ್ತದೆ.

ಕರ್ನಾಲ್ ಬ್ಯೂರೋದ ಕೋಳಿ ಪಟ್ಟಿಯಲ್ಲಿ ಕರ್ನಾಟಕಕ್ಕೆ ಪಾಲಿರುವ ತಳಿ ಘಾಗಸ್. ಕೋಲಾರ ಸೀಮೆಗೂ ಆಂಧ್ರಕ್ಕೂ ಸೇರಿದ, ಎತ್ತರದ ಹಕ್ಕಿ ಅದು. ಜಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿ, ಕಪ್ಪು ಮಾಂಸ ಬೆಂಗಳೂರಿನವರೆಗೆ ಬಂತು. ಮಂಡ್ಯದ ನಾಟಿ ಪ್ರತ್ಯೇಕ ತಳಿಯೇ ಅಥವಾ ಬರೀ ಬೆರಕೆಯೇ ಎಂದು ಅಳೆದು ನೋಡಿದ ಮೇಲಷ್ಟೇ ಹೇಳಬಹುದು. ಬೆರಕೆ ಎಂದೇ ತೀರ್ಮಾನವಾದರೂ ನನಗೆ ಬೇಸರವಿಲ್ಲ, ಅಳತೆಯಾಗಲಿ. ಮಳವಳ್ಳಿಯ ಕೇಂದ್ರ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಸೇರಿದರೆ ಕಷ್ಟದ ಕೆಲಸವಲ್ಲ: ಜುಟ್ಟು, ಕಾಲಿನ ಬಣ್ಣ, ತೂಕ, ಒಂದು ಸಲಕ್ಕೆ ಇಡುವ ಮೊಟ್ಟೆ, ಕಾವಿಗೆ ಕೂರುವ ದಿನ, ಎದ್ದ ಮರಿ, ಉಳಿದ ಮರಿ. ಇವುಗಳಲ್ಲಿ ಕೊನೆಯ ನಾಲ್ಕು ಯಜಮಾನರಿಗೆ ಗೊತ್ತಿರುವುದಿಲ್ಲ. ಪೂರಿಗಾಲಿಗೆ ಸಮೀಕ್ಷೆಗೆ ಹೋದವರು ಜಗಲಿಯಲ್ಲಿ ಕೂತು ಕಾಫಿ ಕುಡಿದು ಫಾರಂ ತುಂಬಿಸಿಕೊಂಡು ಬರದೆ ಹಿತ್ತಿಲಿಗೆ ಹೋಗಿ ಕೇಳಬೇಕು.